ಅಂಗಳದಲ್ಲಿ ಆಟ, ಅಡುಗೆಮನೆಯಲ್ಲಿ ಪಾಠ



ಈ ಸಲ ಬಂದ ಪತ್ರಗಳಲ್ಲಿ ಒಂದನ್ನು ಓದಿ ಸುಮ್ಮನೆ ಪಕ್ಕಕ್ಕಿಡಲು ಮನಸ್ಸಾಗಲಿಲ್ಲ. ಬರೆದವರು ಸಣ್ಣ ಊರಿನ ಗೃಹಿಣಿ. ಮಗಳಿಗೆ ಹನ್ನೆರಡು ವರ್ಷ, ಓಟದಲ್ಲಿ ಚುರುಕು. ಬೆಳಗ್ಗೆ ಐದಕ್ಕೆ ಮೈದಾನ, ಒಂಬತ್ತಕ್ಕೆ ಶಾಲೆ, ಸಂಜೆ ಮತ್ತೆ ಮೈದಾನ, ರಾತ್ರಿ ಹೋಂವರ್ಕ್ ಮಾಡುತ್ತಲೇ ತೂಕಡಿಕೆ. "ಶಾಲೆ ಬಿಡಿಸಿ ಮನೆಯಲ್ಲೇ ಪಾಠ ಹೇಳಿಕೊಡೋಣ ಅಂತ ನಮ್ಮ ಮನೆಯವರು ಹೇಳುತ್ತಾರೆ. ನಾನು ಓದಿದ್ದು ಪಿಯುಸಿ. ನನ್ನಿಂದ ಆದೀತೇ?" ಎಂದು ಕೇಳಿದ್ದಾರೆ.

ಈ ಪ್ರಶ್ನೆಗೆ ಪುಸ್ತಕ ನೋಡಿ ಉತ್ತರ ಕೊಡಬೇಕಾಗಿಲ್ಲ. ಮೂರು ವರ್ಷ ನಾನೇ ಅದನ್ನು ಮಾಡಿದ್ದೇನೆ. ನಾನು ಓದಿದ್ದೂ ಪಿಯುಸಿಯವರೆಗೇ!

ನಮ್ಮದು ಚಿಕ್ಕಮಗಳೂರು. ಮಗಳಿಗೆ ಬ್ಯಾಡ್ಮಿಂಟನ್ ಹುಚ್ಚು. ಮಗ ಅವಳಿಗಿಂತ ನಾಲ್ಕು ವರ್ಷ ಚಿಕ್ಕವನು, ಅವನಿಗೆ ಖೊಖೊ. ನಮ್ಮ ಮನೆಯವರು ಈಗಲೂ ಭಾನುವಾರ ವಾಲಿಬಾಲ್ ಬಿಡುವವರಲ್ಲ. ಮನೆ ತುಂಬ ಬೂಟು, ಚೀಲ, ಒಣಹಾಕಿದ ಬನಿಯನ್ನು. ಮಗಳು ಏಳನೆಯ ತರಗತಿಯಲ್ಲಿದ್ದಾಗ ಪಂದ್ಯಗಳಿಗೆಂದು ಊರೂರು ತಿರುಗಿ ಹಾಜರಾತಿ ಕಡಿಮೆಯಾಯಿತು. ಶಾಲೆಯವರು ಕರೆಸಿ, "ಆಟ ಬೇಕೋ ಪಾಠ ಬೇಕೋ, ನೀವೇ ತೀರ್ಮಾನ ಮಾಡಿ" ಎಂದರು. ಮನೆಗೆ ಬಂದು ನೋಡಿದರೆ ಹುಡುಗಿ ಸಮವಸ್ತ್ರದಲ್ಲೇ ಚಾಪೆಯ ಮೇಲೆ ನಿದ್ದೆ ಹೋಗಿದ್ದಾಳೆ. ಆ ಮುಖ ನೋಡಿ ತೀರ್ಮಾನ ಮಾಡಿಬಿಟ್ಟೆವು.

"ಹೆಣ್ಣುಮಗುವನ್ನ ಶಾಲೆ ಬಿಡಿಸ್ತಾರಂತೆ, ಕೇಳಿದಿರಾ?" ಎಂದು ಬೀದಿಯೆಲ್ಲ ಮಾತಾಯಿತು. ನಮ್ಮ ಅತ್ತೆಯವರು ಮಾತ್ರ, "ಮಾಡೋದಾದ್ರೆ ಸರಿಯಾಗಿ ಮಾಡು, ನಾಲ್ಕು ಜನರ ಬಾಯಿಗೆ ಸಿಗಬೇಡ" ಎಂದರು.

ಸರಿಯಾಗಿ ಮಾಡುವುದೆಂದರೆ ಶಾಲೆಯನ್ನೇ ಮನೆಗೆ ತರುವುದು ಅಂದುಕೊಂಡೆ. ಅಲ್ಲೇ ನಾನು ಎಡವಿದ್ದು. ಕರಿಹಲಗೆ ಕೊಂಡೆ. ದೇವರ ಮನೆಯ ಹಿತ್ತಾಳೆ ಗಂಟೆಯನ್ನೂ ಬಿಡಲಿಲ್ಲ, ನಲವತ್ತು ನಿಮಿಷಕ್ಕೊಮ್ಮೆ ಬಾರಿಸಿದೆ. ದಿನಕ್ಕೆ ಏಳು ಪಿರಿಯಡ್! ಎರಡು ಹೊತ್ತಿನ ಆಟದ ನಡುವೆ ಏಳು ಪಿರಿಯಡ್ ಹೇಗೆ ಹಿಡಿದೀತು? ಕುಕ್ಕರ್ ಕೂಗಿದರೆ ಇತಿಹಾಸ ನಿಲ್ಲುತ್ತಿತ್ತು, ಹಾಲು ಉಕ್ಕಿದರೆ ಬೀಜಗಣಿತ. ಉಳಿದ ಪಾಠ ರಾತ್ರಿಗೆ, ರಾತ್ರಿಯದು ಭಾನುವಾರಕ್ಕೆ. ಬ್ಲೌಸ್ ಹೊಲಿದು ನಾಲ್ಕು ಕಾಸು ನೋಡುತ್ತಿದ್ದ ನನ್ನ ಮೆಷೀನಿನ ಮೇಲೆ ಧೂಳು ಕೂತಿತು. ಎರಡು ತಿಂಗಳಾದ ಮೇಲೆ ಒಂದು ದಿನ ಮಗನ ಶಾಲೆಯ ಡೈರಿ ತೆಗೆದು ನೋಡುತ್ತೇನೆ, ಹದಿನೈದು ದಿನದಿಂದ ನನ್ನ ಸಹಿಯೇ ಇಲ್ಲ. ಪಾಪ, ಅವನು ಕೇಳುವುದನ್ನೂ ಬಿಟ್ಟಿದ್ದ.

ಅದೇ ವಾರ ಮಂಗಳೂರಿನಲ್ಲಿ ಪಂದ್ಯ. ಮಗಳು ಮೊದಲ ಸುತ್ತಿನಲ್ಲೇ ಸೋತಳು. ವಾಪಸ್ ಬರುವಾಗ ಚಾರ್ಮಾಡಿ ಘಾಟಿ ಹತ್ತುತ್ತಿದ್ದ ಬಸ್ಸಿನಲ್ಲಿ ನಾನು ಚೀಲದಿಂದ ಗಣಿತದ ಪುಸ್ತಕ ತೆಗೆದೆ. ಅವಳು ನನ್ನನ್ನೇ ನೋಡಿದಳು. "ಅಮ್ಮಾ, ಶಾಲೇಲಿದ್ದಾಗ ಮನೆಗೆ ಬಂದ್ರೆ ನೀನು ಸಿಗ್ತಿದ್ದೆ. ಈಗ ಮನೇಲೂ ಟೀಚರೇ ಇದ್ದಾರೆ. ನಾನು ಎಲ್ಲಿಗೆ ಹೋಗ್ಲಿ?" ಅಂದಳು.

ಪುಸ್ತಕ ಚೀಲಕ್ಕೆ ಹಾಕಿದೆ. ಕೊಟ್ಟಿಗೆಹಾರ ಬರುವವರೆಗೂ ಇಬ್ಬರೂ ಮಾತಾಡಲಿಲ್ಲ. ಅಲ್ಲಿಳಿದು ಬಿಸಿ ನೀರುದೋಸೆ ತಿಂದೆವು. ಮನೆಗೆ ಬಂದವಳೇ ಮೊದಲು ಆ ಗಂಟೆಯನ್ನು ದೇವರ ಮನೆಗೆ ಸೇರಿಸಿದೆ.

ಸೋದರಿಯರೇ, ಆಮೇಲೆ ನಾನು ಕಲಿತದ್ದನ್ನೇ ಈಗ ಹೇಳುತ್ತೇನೆ. ಶಾಲೆಯಲ್ಲಿ ಒಬ್ಬರು ನಲವತ್ತು ಮಕ್ಕಳನ್ನು ನೋಡಬೇಕು. ಹಾಜರಿ ಕೂಗಬೇಕು, ಗದ್ದಲ ಅಡಗಿಸಬೇಕು, ಹಿಂದುಳಿದವರಿಗಾಗಿ ಕಾಯಬೇಕು. ಮನೆಯಲ್ಲಿ ಒಂದೇ ಮಗು. ಆದ್ದರಿಂದ ಗಟ್ಟಿಯಾಗಿ ಕೂತು ಓದಿದರೆ ದಿನಕ್ಕೆ ಎರಡೂವರೆ, ಮೂರು ಗಂಟೆ ಧಾರಾಳ ಸಾಕು. ಆದರೆ ಆ ಮೂರು ಗಂಟೆಯನ್ನು ಯಾರೂ ಮುಟ್ಟಬಾರದು. ನೆಂಟರು ಬರಲಿ, ಕೋಚ್ ಕರೆಯಲಿ, ಗ್ಯಾಸ್ ಸಿಲಿಂಡರಿನವನೇ ಬರಲಿ!

ನಮ್ಮ ಮನೆಯ ದಿನ ಹೀಗಿತ್ತು. ಬೆಳಗ್ಗೆ ಐದೂವರೆಯಿಂದ ಏಳೂವರೆ ಆಟ. ಅಪ್ಪನೇ ಕರೆದುಕೊಂಡು ಹೋಗುತ್ತಿದ್ದರು. ಬಂದು ಸ್ನಾನ, ತಿಂಡಿ, ಅರ್ಧ ಗಂಟೆ ಕಣ್ಣುಮುಚ್ಚಿ ವಿಶ್ರಾಂತಿ. ಒಂಬತ್ತೂವರೆಗೆ ಮಗನೂ ಮನೆಯವರೂ ಹೊರಟ ಮೇಲೆ ಮನೆ ತಣ್ಣಗಿರುತ್ತದೆ ನೋಡಿ, ಆಗ ಪಾಠ. ಮೊದಲು ಗಣಿತ, ಆಮೇಲೆ ವಿಜ್ಞಾನ, ಕೊನೆಗೆ ಒಂದು ಭಾಷೆ. ಅಷ್ಟರಲ್ಲಿ ನನ್ನ ಸಾರು, ಪಲ್ಯ ಮುಗಿಯಬೇಕು. ಅದಕ್ಕಾಗಿ ತರಕಾರಿ ಹೆಚ್ಚುವುದು, ಬೇಳೆ ನೆನೆಸುವುದು ಹಿಂದಿನ ರಾತ್ರಿಯೇ. ಮಧ್ಯಾಹ್ನ ಊಟವಾದ ಮೇಲೆ ಅಜ್ಜಿಗೆ ಪತ್ರಿಕೆ ಗಟ್ಟಿಯಾಗಿ ಓದಿ ಹೇಳುವುದು. ಸಮಾಜ ವಿಜ್ಞಾನದ ಅರ್ಧ ಅಲ್ಲೇ ಆಗುತ್ತಿತ್ತು. ಅತ್ತೆಯವರ ಪ್ರಶ್ನೆಗಳಿಗೆ ಉತ್ತರ ಹೇಳುವುದು ಯಾವ ಪರೀಕ್ಷೆಗೂ ಕಡಿಮೆಯಿಲ್ಲ! ಸಂಜೆ ನಾಲ್ಕರಿಂದ ಆರು ಮತ್ತೆ ಆಟ. ದೀಪ ಹಚ್ಚಿದ ಮೇಲೆ ಪುಸ್ತಕ ಮುಟ್ಟುವಂತಿಲ್ಲ. ಆ ಹೊತ್ತು ಮಗನದು. ಒಂಬತ್ತಕ್ಕೆ ನಿದ್ದೆ.

ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ ನನ್ನ ಹೊಲಿಗೆಗೆ. ಇದನ್ನು ಸ್ವಾರ್ಥ ಎನ್ನಬೇಡಿ. ತಾಯಿಗೆ ತನ್ನದೆಂಬ ಎರಡು ಗಂಟೆ ಇಲ್ಲದಿದ್ದರೆ ಆ ಸಿಟ್ಟು ಮಗುವಿನ ಮೇಲೇ ಹೋಗುತ್ತದೆ.

ಇನ್ನು ಕಲಿಸುವುದು ಹೇಗೆ ಎಂಬ ಭಯ. ಮಗುವಿಗೆ ಇಷ್ಟವಾದ ಆಟದೊಳಗೇ ಎಷ್ಟೊಂದು ಪಾಠವಿದೆ! ಬ್ಯಾಡ್ಮಿಂಟನ್ ಕೋರ್ಟು 44 ಅಡಿ ಉದ್ದ, 20 ಅಡಿ ಅಗಲ. ಒಬ್ಬರ ಎದುರು ಒಬ್ಬರು ಆಡುವಾಗ ಅಗಲ 17 ಅಡಿ. ಎರಡರ ವಿಸ್ತೀರ್ಣಕ್ಕೂ ಎಷ್ಟು ವ್ಯತ್ಯಾಸ? 132 ಚದರಡಿ. ನೆಟ್ಟು ನಡುವೆ 5 ಅಡಿ ಎತ್ತರವಿರಬೇಕು. ನನ್ನ ಹೊಲಿಗೆ ಟೇಪಿನ ಉದ್ದವೂ 60 ಅಂಗುಲವೇ! ಪೈಥಾಗೊರಸ್ ಪ್ರಮೇಯ ಅವಳ ತಲೆಗೆ ಹತ್ತಿರಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಮರೆತಿತ್ತು. ಒಂದು ದಿನ ಕೋರ್ಟಿನ ಒಂದು ಮೂಲೆಯಿಂದ ಎದುರು ಮೂಲೆಗೆ ಎಷ್ಟು ದೂರ ಎಂದು ಕೇಳಿದೆ. 44ರ ವರ್ಗ 1,936, 20ರ ವರ್ಗ 400, ಕೂಡಿದರೆ 2,336. ಅದರ ವರ್ಗಮೂಲ 48ಕ್ಕಿಂತ ತುಸು ಹೆಚ್ಚು. ಸಂಜೆ ಬಡಗಿಯ ಟೇಪು ಹಿಡಿದು ಅಪ್ಪ ಮಗಳು ಅಳೆದರು. 48 ಅಡಿ 4 ಅಂಗುಲ! "ಅಮ್ಮಾ, ಲೆಕ್ಕ ನಿಜ" ಎಂದು ಕೂಗಿಕೊಂಡು ಬಂದಳು. ಅವಳಿಗಿಂತ ನನಗೇ ಹೆಚ್ಚು ಖುಷಿಯಾಯಿತು.

ಮಂಗಳೂರಿನಲ್ಲಿ ಸೋತದ್ದೂ ಪಾಠವೇ ಆಯಿತು. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು, ಗರಿಯ ಶಟಲ್ ಮುಂದಕ್ಕೆ ಹಾರುತ್ತದೆ. ಘಟ್ಟ ಇಳಿದರೆ ಗಾಳಿಯ ಒತ್ತಡ ಹೆಚ್ಚು, ಅದೇ ಹೊಡೆತಕ್ಕೆ ಶಟಲ್ ಮೊದಲೇ ಬೀಳುತ್ತದೆ. ಅದಕ್ಕೇ ಊರಿನ ಎತ್ತರ, ಸೆಖೆ ನೋಡಿಕೊಂಡು ಬೇರೆ ಬೇರೆ ವೇಗದ ಶಟಲ್ ಆರಿಸುತ್ತಾರೆ. ವಾಯುವಿನ ಒತ್ತಡ ಎಂಬ ಅಧ್ಯಾಯವನ್ನು ಅವಳು ಆಮೇಲೆ ಮರೆಯಲಿಲ್ಲ. ಬಸ್ಸಿನಲ್ಲಿ ಪುಸ್ತಕ ತೆಗೆಯುವುದನ್ನು ಬಿಟ್ಟ ಮೇಲೆ ಕಿಟಕಿಯೇ ಭೂಗೋಳವಾಯಿತು. ಮೂಡಿಗೆರೆ ಕಡೆಯ ಬೆಟ್ಟಗಳಲ್ಲಿ ಬಿದ್ದ ಮಳೆ ಒಂದು ಪಕ್ಕ ಹೇಮಾವತಿಯಾಗಿ ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋದರೆ, ಇನ್ನೊಂದು ಪಕ್ಕ ನೇತ್ರಾವತಿಯಾಗಿ ಅರಬ್ಬಿ ಸಮುದ್ರಕ್ಕೆ.

ನನಗೆ ತಿಳಿಯದ್ದನ್ನು ತಿಳಿಯದು ಎಂದೇ ಹೇಳಿದೆ. ಹತ್ತನೆಯ ತರಗತಿಯ ಗಣಿತಕ್ಕೆ ನಿವೃತ್ತ ಮೇಷ್ಟರೊಬ್ಬರ ಮನೆಗೆ ವಾರಕ್ಕೆ ಎರಡು ದಿನ ಕಳಿಸಿದೆ. ಅದರಲ್ಲಿ ಅವಮಾನವೇನೂ ಇಲ್ಲ.

"ನಮ್ಮ ಮನೆಯಲ್ಲಿ ಬೇರೆ ಕೋಣೆ ಇಲ್ಲವಲ್ಲ" ಎನ್ನುವವರಿಗೆ ಒಂದು ಮಾತು. 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದ ನಮ್ಮ ಪ್ರಕಾಶ್ ಪಡುಕೋಣೆಯವರು ಆಟ ಕಲಿತದ್ದು ಬೆಂಗಳೂರಿನ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ. ಅಂಥವರಿಗೇ ಮದುವೆ ಹಾಲು ಸಾಕಾದರೆ ನಮ್ಮ ಮಕ್ಕಳ ಪಾಠಕ್ಕೆ ಅಡುಗೆಮನೆಯ ಮೂಲೆ ಸಾಲದೇ?

ಈಗ ಕಾಗದ ಪತ್ರದ ಮಾತು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ಮಕ್ಕಳಿಗೆ ಶಾಲೆಯ ಹಕ್ಕು ಕೊಟ್ಟಿದೆ. ಮನೆಯಲ್ಲೇ ಕಲಿಯುವುದರ ಬಗ್ಗೆ ಅದರಲ್ಲಿ ಪ್ರತ್ಯೇಕ ಮಾತಿಲ್ಲ. ಆದರೆ ಒಂದು ಧೈರ್ಯವಿದೆ: ನಡುವೆ ಶಾಲೆ ಬಿಟ್ಟ ಮಗು ಮರಳಿ ಬಂದರೆ ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಅಂದರೆ ಹಿಂದಿರುಗುವ ಬಾಗಿಲು ಮುಚ್ಚಿಲ್ಲ. ಶಾಲೆ ಬಿಡಿಸುವಾಗ ವರ್ಗಾವಣೆ ಪತ್ರ, ಅಂಕಪಟ್ಟಿ ತೆಗೆದು ಜೋಪಾನ ಮಾಡಿ.

ಹತ್ತನೆಯ ತರಗತಿಯ ಪರೀಕ್ಷೆಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಇದೆ. ಎಲ್ಲರೂ ಎನ್.ಐ.ಓ.ಎಸ್. ಎನ್ನುತ್ತಾರೆ. ಕೇಂದ್ರ ಸರ್ಕಾರ 1989ರಲ್ಲಿ ಸ್ಥಾಪಿಸಿದ್ದು. ಮಗುವಿಗೆ 14 ತುಂಬಿರಬೇಕು. ಐದು ವಿಷಯ ಪಾಸಾದರೆ ಪ್ರಮಾಣಪತ್ರ. ವರ್ಷಕ್ಕೆರಡು ಸಲ, ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರಿನಲ್ಲಿ, ಪರೀಕ್ಷೆ. ನೋಂದಣಿ ಐದು ವರ್ಷ ನಡೆಯುತ್ತದೆ, ಅಷ್ಟರಲ್ಲಿ ಒಂಬತ್ತು ಅವಕಾಶ. ಎಲ್ಲ ವಿಷಯವನ್ನೂ ಒಟ್ಟಿಗೇ ಬರೆಯಬೇಕೆಂದಿಲ್ಲ. ಆಡುವ ಮಕ್ಕಳಿಗೆ ಇದು ವರವೇ ಸರಿ. ನನ್ನ ಮಗಳು ಅಕ್ಟೋಬರಿನಲ್ಲಿ ಎರಡು ವಿಷಯ, ಮರು ಏಪ್ರಿಲಿನಲ್ಲಿ ಮೂರು ಬರೆದಳು. ನಿಮಗೆ ಬೇಕಾದ ಮಾಧ್ಯಮ ಇದೆಯೇ, ಹತ್ತಿರದ ಅಧ್ಯಯನ ಕೇಂದ್ರ ಎಲ್ಲಿ ಎಂದು ಮೊದಲೇ ವಿಚಾರಿಸಿ. ಮುಂದೆ ಸೇರಬೇಕೆಂದಿರುವ ಕಾಲೇಜಿನಲ್ಲೂ ಯಾವ ಪತ್ರಗಳು ಬೇಕೆಂದು ಕೇಳಿಟ್ಟುಕೊಳ್ಳಿ. ರಾಜ್ಯದ ಎಸ್.ಎಸ್.ಎಲ್.ಸಿ.ಯನ್ನು ಖಾಸಗಿಯಾಗಿ ಬರೆಯುವ ದಾರಿಯೂ ಉಂಟು.

ನಷ್ಟಗಳನ್ನೂ ಮುಚ್ಚಿಡುವುದಿಲ್ಲ. ತಾಲ್ಲೂಕು, ಜಿಲ್ಲಾ ಮಟ್ಟದ ಶಾಲಾ ಕ್ರೀಡಾಕೂಟಕ್ಕೆ ಹೆಸರು ಹೋಗುವುದು ಶಾಲೆಯ ಮೂಲಕ. ಶಾಲೆ ಬಿಟ್ಟರೆ ಆ ದಾರಿ ಕಷ್ಟ, ಆಟದ ಸಂಘಗಳ ಪಂದ್ಯಗಳನ್ನೇ ನಂಬಬೇಕು. ಗೆಳತಿಯರೂ ದೂರವಾದರು. ಒಂದು ಆಗಸ್ಟ್ ಹದಿನೈದರಂದು ಬೀದಿಯ ಮಕ್ಕಳೆಲ್ಲ ಬಿಳಿ ಬಟ್ಟೆ ತೊಟ್ಟು ಹೋಗುವುದನ್ನು ಅವಳು ಗೇಟಿನ ಬಳಿ ನಿಂತು ನೋಡುತ್ತಿದ್ದಳು. ಆ ನೋಟ ಇನ್ನೂ ನನ್ನ ಕಣ್ಣಲ್ಲಿದೆ. ಆಮೇಲೆ ಪ್ರತಿ ಶನಿವಾರ ಹಳೆಯ ಗೆಳತಿಯರನ್ನು ಮನೆಗೆ ಕರೆಯತೊಡಗಿದೆ. ಮಂಡಕ್ಕಿ ಒಗ್ಗರಣೆ ಖರ್ಚು ನನ್ನದು!

ಹದಿನಾಲ್ಕನೆಯ ವಯಸ್ಸಿನಲ್ಲಿ ಅವಳ ಕಣಕಾಲು ಉಳುಕಿ ಆರು ವಾರ ಆಟ ನಿಂತಿತು. ಮೊದಲ ವಾರ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎರಡನೆಯ ವಾರ ಒಂಬತ್ತೂವರೆಗೆ ತಾನಾಗಿ ಕುಂಟುತ್ತಾ ಬಂದು ಪುಸ್ತಕ ತೆಗೆದಳು. "ಇದಾದ್ರೂ ನಡೀಲಿ ಅಮ್ಮ" ಅಂದಳು. ಆ ಮೂರು ಗಂಟೆಯನ್ನು ಅಷ್ಟು ಹಠದಿಂದ ಕಾಯ್ದದ್ದು ಯಾಕೆಂದು ಆವತ್ತು ನನಗೇ ಅರ್ಥವಾಯಿತು. ಆಟ ಕೈಬಿಟ್ಟ ದಿನ ಹಿಡಿದುಕೊಳ್ಳಲು ಮಗುವಿಗೆ ಇನ್ನೊಂದು ಕೈ ಬೇಕು.

ಅವಳು ರಾಜ್ಯ ತಂಡಕ್ಕೆ ಆಯ್ಕೆಯಾಗಲಿಲ್ಲ. ಎರಡು ಸಲ ಹತ್ತಿರ ಹೋಗಿ ಬಂದಳು. ಹತ್ತನೆಯದನ್ನು ಮಧ್ಯಮ ಅಂಕಗಳಲ್ಲಿ ಪಾಸು ಮಾಡಿದಳು. ಈಗ ಪಿಯುಸಿ ಕಾಲೇಜಿಗೆ ಹೋಗುತ್ತಾಳೆ, ಕಾಲೇಜಿಗೆ ಆಡುತ್ತಾಳೆ. ಹಾಗಾದರೆ ಇಷ್ಟೆಲ್ಲ ಪಟ್ಟ ಪಾಡು ಯಾಕೆ ಎಂದು ಕೇಳುವವರಿದ್ದಾರೆ. ಮೂರು ವರ್ಷ ಅವಳು ತನಗೆ ಪ್ರಿಯವಾದುದನ್ನು ಹೊಟ್ಟೆತುಂಬ ಮಾಡಿದಳು, ಓದನ್ನೂ ಬಿಡಲಿಲ್ಲ. ನನಗೆ ಅದು ಸಾಕು.

ಪತ್ರ ಬರೆದ ಸೋದರಿ, ನಿಮ್ಮ ಪ್ರಶ್ನೆಗೆ ಉತ್ತರ: ಖಂಡಿತ ಆದೀತು. ಆದರೆ ಮೊದಲು ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು ಹಾಜರಾತಿಯಲ್ಲಿ ರಿಯಾಯಿತಿ ಕೇಳಿ. ಒಪ್ಪಿದರೆ ಶಾಲೆಯಲ್ಲೇ ಇರಲಿ. ಒಪ್ಪದಿದ್ದರೆ ಮಗಳನ್ನೇ ಕೂರಿಸಿಕೊಂಡು ಅವಳ ಮನಸ್ಸು ಕೇಳಿ. ಬೆಳಗಿನ ಮೈದಾನದ ಜವಾಬ್ದಾರಿ ತಂದೆಯದು ಎಂದು ಮೊದಲೇ ಮಾತು ತೆಗೆದುಕೊಳ್ಳಿ. ಕರಿಹಲಗೆ ಬೇಕಾದರೆ ಕೊಳ್ಳಿ, ಗಂಟೆ ಮಾತ್ರ ಬೇಡ.

ಮೈದಾನದಿಂದ ಹಸಿದು ಬರುವ ಮಕ್ಕಳಿಗೆ ನಮ್ಮ ಮನೆಯ ಹುರಿಹಿಟ್ಟಿನ ಉಂಡೆ ಹೇಳಿ ಮುಗಿಸುತ್ತೇನೆ. ಒಂದು ಲೋಟ ರಾಗಿ ಹುರಿಹಿಟ್ಟು, ಅರ್ಧ ಲೋಟ ಪುಡಿಬೆಲ್ಲ, ಎರಡು ಚಮಚ ಹುರಿದು ತರಿಯಾಗಿ ಕುಟ್ಟಿದ ಕಡಲೆಕಾಯಿ ಬೀಜ, ಚಿಟಿಕೆ ಏಲಕ್ಕಿ ಪುಡಿ. ಎಲ್ಲ ಕಲಸಿ, ಒಂದು ಚಮಚ ತುಪ್ಪ ಹಾಕಿ, ಬೆಚ್ಚಗಿನ ಹಾಲು ಚಿಮುಕಿಸುತ್ತಾ ಉಂಡೆ ಕಟ್ಟಿ. ಹಾಲು ಹಾಕಿದ್ದರಿಂದ ಅಂದಿನದು ಅಂದೇ ತಿಂದು ಮುಗಿಸಬೇಕು. ಎಷ್ಟು ಉಂಡೆ ಆಯಿತು, ಒಬ್ಬೊಬ್ಬರಿಗೆ ಎಷ್ಟು ಬಂತು ಎಂಬ ಭಾಗಾಕಾರವನ್ನು ಮಕ್ಕಳಿಗೇ ಬಿಡಿ. ಆ ಲೆಕ್ಕ ಮಾತ್ರ ಎಂದೂ ತಪ್ಪುವುದಿಲ್ಲ!