ಟೋಕನ್ ನಮ್ಮದು, ಬಾಗಿಲು ಧಣಿಯದು

"ಕಂಪನಿ ಬಿಟ್ಟು ಬಂದ್ಯಾ? ಹಾಗಾದ್ರೆ ಗ್ರೀನ್ ಕಾರ್ಡ್ ಗೋವಿಂದ!" ಅಮೆರಿಕದಿಂದ ಬೆಂಗಳೂರಿಗೆ ಮರಳಿದವರಿಗೆ ಮದುವೆಮನೆ ಪಂಕ್ತಿಯಲ್ಲಿ ಸಿಗೋ ಮೊದಲ ಸಾಂತ್ವನ ಇದು. ಅಲ್ರೀ, ಆ ಅರ್ಜಿ ಇವತ್ತಿನ ಕೆಲಸಕ್ಕಲ್ಲ, ಮುಂದೆ ಮಾಡಲಿರುವ ಕೆಲಸಕ್ಕೆ. ಮಂಜೂರಾದ ಐ-140 ಅನ್ನು ಕಂಪನಿ ವಾಪಸ್ ತಗೊಂಡ್ರೂ, ಅದರಲ್ಲಿ ಮೋಸವೋ ತಪ್ಪೋ ಇಲ್ಲದಿದ್ದರೆ, ಪ್ರಯಾರಿಟಿ ಡೇಟ್ ನಿಮ್ಮದೇ. ಇದನ್ನ ಮುಚ್ಚಿಟ್ಟು "ವಾಪಸ್ ತಗೋತೀವಿ ನೋಡು" ಅಂತ ಹೆದರಿಸೋ ಧಣಿಗಳಿಗೆ ಏನನ್ನೋಣ?

ನನ್ನ ಜಗಳ ಧಣಿಗಿಂತ ಕಾನೂನಿನ ಜೊತೆ. ಡೇಟ್ ಒಂದರಿಂದಲೇ ಬಾಗಿಲು ತೆರೆಯೋದಿಲ್ಲ. ಸರದಿ ಬಂದಾಗ ಹಳೇ ಕಂಪನಿ "ಈಗಲೂ ಕೆಲಸ ಕೊಡ್ತೀವಿ" ಅನ್ನಬೇಕು. ಇಲ್ಲಾಂದ್ರೆ ಹೊಸ ಕಂಪನಿ, ಬಹುಪಾಲು ಜನರ ವಿಷಯದಲ್ಲಿ, ಲೇಬರ್ ಸರ್ಟಿಫಿಕೇಶನ್‌ನಿಂದಲೇ ಮತ್ತೆ ಶುರುಮಾಡಬೇಕು. ಅಲ್ಲೇ ಇದ್ದು ಐ-485 ಹಾಕಿದವನಿಗೆ ಈ ಕಾಟವಿಲ್ಲ. 180 ದಿನ ಕಳೆದರೂ ಅದು ಇತ್ಯರ್ಥವಾಗದಿದ್ದರೆ, ಅದೇ ಬಗೆಯ ಬೇರೆ ಕೆಲಸಕ್ಕೆ ಹೋಗಬಹುದು ಅಂತ 2000ದ ಕಾನೂನೇ ಹೇಳುತ್ತೆ. ಊರಲ್ಲಿದ್ದು ಮುಂಬೈ ಕಾನ್ಸುಲೇಟ್ ಸಂದರ್ಶನಕ್ಕೆ ಕಾಯುವವನಿಗೆ ಆ ಅನುಕೂಲವಿಲ್ಲ.

ಯಾಕ್ರೀ? ಇಬ್ಬರೂ ಕಟ್ಟಿದ್ದು ಅದೇ ತೆರಿಗೆ. ವರ್ಷಕ್ಕೆ ಸುಮಾರು 1,40,000 ವೀಸಾ (ಹೆಂಡತಿ ಮಕ್ಕಳೂ ಆ ಲೆಕ್ಕದಲ್ಲೇ), ದೇಶವೊಂದಕ್ಕೆ ಶೇ. 7ರ ಮಿತಿ ಅಂತ ಸಾಲನ್ನ ಹತ್ತು ವರ್ಷಕ್ಕೂ ಮೀರಿ ಎಳೆದವರು ನೀವು. ಅಷ್ಟು ಕಾಲ ಮನುಷ್ಯ ಒಂದೇ ಧಣಿಗೆ ಅಂಟಿಕೊಂಡಿರಬೇಕಾ? ನಡುವೆ ಅಪ್ಪನಿಗೆ ಪಾರ್ಶ್ವವಾಯು ಆದರೆ ಊರಿಗೆ ಬರಬಾರದಾ? ಐ-485 ಹಾಕಿದವರಿಗೆ ಕೊಟ್ಟದ್ದನ್ನೇ ಕಾನ್ಸುಲೇಟ್ ಸಾಲಿನವರಿಗೂ ಕೊಡಿ. ಹೆಚ್ಚೇನೂ ಕೇಳ್ತಿಲ್ಲ.