ಗ್ವಾಡಿ ಮ್ಯಾಲಿನ ಫೋಟೋಕ್ಕ ರೊಕ್ಕಾ ಯಾಕ ಕೊಡಬೇಕು?

ಮೊದಲಿಗೇ ನನ್ನ ಮಾತು ಹೇಳಿಬಿಡ್ತೀನ್ರಿ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡಿ ಕ್ಯಾಮೆರಾ ಹಿಡದು ಹೊಟ್ಟಿ ಹೊರಕೊಳ್ಳೋರು ತಮ್ಮ ಚಲೋ ಚಲೋ ಫೋಟೋ ಆರಿಸಿ, ಕಾಗದದ ಮ್ಯಾಲ ಅಚ್ಚು ಹಾಕಿಸಿ, ತಮ್ಮ ಹೆಸರಿನ ವೆಬ್‌ಸೈಟಿನಿಂದನ ಮಾರಬೇಕು. ಅಗ್ಗಕ್ಕ ಮಾರಬಾರದು. ಮತ್ತ ಯಾರ ಮಾರಿ ಆ ಫೋಟೋದಾಗ ಅದನೋ, ಅವರನ್ನ ಕೇಳದ ಮಾರಬಾರದು. ಈ ಮೂರು ಮಾತಿನ ಸಲುವಾಗಿ ಇಷ್ಟುದ್ದ ಬರಿಯಾಕತ್ತೀನಿ.

ನಮ್ಮ ಮನಿ ಅನ್ನ ಸ್ಟುಡಿಯೋದ್ದು. ಹಿಂಗಾಗಿ ಈ ಧಂದೇದ ಒಳಗಿನ ಸಂಕಟ ನನಗ ಗೊತ್ತದ. ಲಗ್ನದ ಸೀಜನ್ ಇದ್ದಾಗ ಊಟಕ್ಕ ಟೈಮ್ ಇರೂದಿಲ್ಲ. ಆಷಾಢ ಬಂತು, ಶೂನ್ಯಮಾಸ ಬಂತು ಅಂದ್ರ ಕ್ಯಾಮೆರಾ ಪೆಟಗಿಯೊಳಗ. ಕ್ಯಾಮೆರಾದ ಕಂತಿಗೆ ಆಷಾಢ ಗೊತ್ತಿಲ್ಲ, ಅದು ತಿಂಗಳಾ ಬರ್ತದ. ಮೊದಲ ಪಾಸ್‌ಪೋರ್ಟ್ ಸೈಜಿನ ಫೋಟೋ, ಕೂಸಿನ ಫೋಟೋ, ಕಾಲೇಜು ಹುಡುಗರ ಗ್ರೂಪ್ ಫೋಟೋ ಅಂತ ಕೈಯಾಗ ಚಿಲ್ಲರ ಆಡತಿತ್ತು. ಈಗ ಎಲ್ಲಾರ ಕಿಸೇದಾಗೂ ಕ್ಯಾಮೆರಾ ಅದ. ಅದಕ್ಕ ಯಾರನ್ನೂ ಬೈಯೂದಿಲ್ಲ ನಾನು. ಆದ್ರ ಒಂದು ಮಾತು: ಮೊಬೈಲ್ ಬಂದು ಫೋಟೋ ತೆಗಿಯೂದು ಸಸ್ತಾ ಆತು ಖರೆ, ಚಲೋ ಫೋಟೋ ಅಗದೀ ಸಸ್ತಾ ಆಗಿಲ್ಲ. ಎಳ್ಳ ಅಮಾಸಿ ದಿನ ಹೊಲದಾಗ ಚರಗ ಚೆಲ್ಲೂ ಮುಂದ ಬಿಸಲು ಯಾವ ಕಡಿಂದ ಬೀಳ್ತದ, ಕಾರಹುಣ್ಣಿವಿಗೆ ಎತ್ತು ಕರಿ ಹರಿಯೂ ಮುಂದ ಎಲ್ಲಿ ನಿಂತ್ರ ತುಳಿಸಿಕೊಳ್ಳದ ಫೋಟೋ ಸಿಗ್ತದ, ಇದು ವರ್ಷಾನುಗಟ್ಟಲೆ ಅಲ್ಲೇ ಅಡ್ಡಾಡಿದವರಿಗೇ ಗೊತ್ತು.

ಫೋಟೋ ಮಾರೂದು ಹೊಸಾ ಧಂದೆ ಅಲ್ರಿ. ನಮ್ಮ ಜಿಲ್ಲಾದ ಫೋಟೋ ಮಾರಾಟ ಆಗಾಕ ಶುರುವಾಗಿ ನೂರೈವತ್ತು ವರ್ಷದ ಮ್ಯಾಲಾತು. 1855ರಾಗ ಮುಂಬೈ ಸರಕಾರ ಥಾಮಸ್ ಬಿಗ್ಸ್ ಅನ್ನೋ ಕ್ಯಾಪ್ಟನ್ನ ಹಳೇ ಗುಡಿ, ಮಸೂತಿ, ಗುಮ್ಮಟದ ಫೋಟೋ ತೆಗಿಯಾಕಂತನ ನೇಮಿಸಿತ್ತು. ಆಂವ ಮತ್ತ ಮೇಜರ್ ಲಾಕ್ ತೆಗೆದ ವಿಜಯಪುರದ ಫೋಟೋಗಳನ್ನ ಹಾಕಿ 1866ರಾಗ ಲಂಡನ್ನಿನ ಜಾನ್ ಮರ್ರೆ ಕಂಪನಿ ದೊಡ್ಡದೊಂದು ಪುಸ್ತಕ ತಂತು. ಅದಕ್ಕ ಇತಿಹಾಸ ಬರದಾಂವ ಮೆಡೋಸ್ ಟೇಲರ್, ನಮ್ಮ ಬಾಜೂದ ಸುರಪುರದಾಗ ಇದ್ದ ಅದ ಟೇಲರ್ ಸಾಹೇಬ. ಅಂದ್ರ ಕಲ್ಲು ನಮ್ಮದು, ಬಿಸಲು ನಮ್ಮದು, ಮಾರಾಟ ಲಂಡನ್ನಿನಾಗ. ಮುಂದ ರಾಜಾ ದೀನ್ ದಯಾಳ್ ಬಂದ, ನಿಜಾಮನ ಕಾಲದಾಗ ಸಿಕಂದರಾಬಾದಿನಾಗ ಸ್ಟುಡಿಯೋ ಇಟ್ಟ. ತನ್ನ ನೆಗೆಟಿವ್‌ಗಳಿಗೆ ನಂಬರ್ ಹಾಕಿ ಇಡತಿದ್ದ. ಯಾವ ನಂಬರ್ ಬೇಕು ಹೇಳಿದ್ರ ಆ ಫೋಟೋ ಅಚ್ಚು ಹಾಕಿ ಕೊಡೂದು. ಇವತ್ತಿನ ವೆಬ್‌ಸೈಟ್ ಅಂದ್ರ ಇನ್ನೇನ್ರಿ? ನಂಬರ್ ಹಾಕಿದ ಪಟ್ಟಿ, ಬೇಕಾದವರು ಆರಿಸೂದು, ಟಪಾಲಿನಾಗ ಕಳಸೂದು. ಆವಾಗ ಇಂಥಾ ಅಂಗಡಿ ಇಡಾಕ ರಾಜರ ಆಸರಾ ಬೇಕಿತ್ತು, ಈಗ ಸಿಂದಗಿ ಬಸ್‌ಸ್ಟ್ಯಾಂಡ್ ಹಿಂದ ಒಂದು ಖೋಲಿ ಇದ್ರ ಸಾಕು.

ಇದಕ್ಕ ಮಂದಿ ಹೇಳೂ ಮೊದಲನೇ ಮಾತು ನನಗ ಬಾಯಿಪಾಠ ಆಗ್ಯದ: “ನಮ್ಮ ಕಡಿ ಗ್ವಾಡಿಗೆ ಫೋಟೋ ಯಾರು ಹಾಕ್ತಾರವ್ವಾ, ಅದೂ ರೊಕ್ಕಾ ಕೊಟ್ಟು?” ಹಾಕ್ತೀವಿ. ಭಾಳ ಹಾಕ್ತೀವಿ. ಆದ್ರ ಎರಡ ಥರ ಹಾಕ್ತೀವಿ: ಒಂದು ದೇವರದು, ಇನ್ನೊಂದು ತೀರಿಕೊಂಡವರದು. ರಾಜಾ ರವಿವರ್ಮ 1894ರಾಗ ಮುಂಬೈದಾಗ ಅಚ್ಚಿನ ಮನಿ ಹಾಕಿದ ಮ್ಯಾಲನ ಲಕ್ಷ್ಮಿ, ಸರಸ್ವತಿ ಬಡವರ ಪಡಸಾಲಿಗೂ ಬಂದ್ರು. ಆಮ್ಯಾಲ ನಮ್ಮ ಕಲಬುರ್ಗಿಯ ಎಸ್. ಎಂ. ಪಂಡಿತರ ಚಿತ್ರ ಕ್ಯಾಲೆಂಡರ್ ಮ್ಯಾಲ ಕುಂತು ಊರೂರು ತಿರುಗಿದ್ವು. ಕ್ಯಾಲೆಂಡರಿನ ವರ್ಷ ಮುಗಿದ್ರೂ ಚಿತ್ರ ಹರಿಯಾಕ ಮನಸ್ಸಾಗದ ಕಟ್ಟು ಹಾಕಿಸಿದ ಮನಿ ಎಷ್ಟಿಲ್ಲ? ಅಂದ್ರ ಕಾಗದದ ಮ್ಯಾಲಿನ ಚಿತ್ರಕ್ಕ ನಮ್ಮ ಮಂದಿ ಮರ್ಯಾದಿ ಕೊಡ್ತಾರ. ಮೂರನೇದೊಂದು ಥರ ಗ್ವಾಡಿಗೆ ಬರಬೇಕಾಗ್ಯದ ಅಷ್ಟ: ಬದುಕಿರೋದು. ಭೀಮಾ ಹೊಳಿ, ಎರಿ ಹೊಲ, ಬಿಳಿ ಜೋಳದ ರಾಶಿ, ಇಂಡಿ ಕಡಿ ಲಿಂಬಿ ತ್ವಾಟ, ತಾಂಡಾದ ಹಬ್ಬ. ಸತ್ತ ಮ್ಯಾಲ ಹಾರ ಹಾಕಾಕ ಫೋಟೋ ಹುಡುಕೋ ಬದಲಿ, ಬದುಕಿದ್ದಾಗಿಂದು ಒಂದು ಗ್ವಾಡಿ ಮ್ಯಾಲ ಇರಲಿ ಅಂತೀನಿ.

ತಗೊಳ್ಳೋರು ಯಾರು ಅಂದ್ರ, ಇಲ್ಲೇ ಇರೋರು ಮೊದಲಿಗೆ ತಗೊಳ್ಳೂದಿಲ್ಲ. ಹೊಲ ದಿನಾ ಕಾಣೋರಿಗೆ ಹೊಲದ ಫೋಟೋ ಯಾಕ ಬೇಕು? ಊರು ಬಿಟ್ಟವರು ತಗೊಳ್ತಾರ. ನಮ್ಮ ನಾಕೂ ತಾಲೂಕಿನ ಮಂದಿ ದುಡಿಯಾಕಂತ ಪುಣೆ, ಮುಂಬೈ, ಗೋವಾ, ಬೆಂಗಳೂರಿಗೆ ಹೋಗೂದು ಇವತ್ತಿನ ಮಾತಲ್ಲ. ಅವರ ಮಕ್ಕಳು ಓದಿ ನೌಕರಿ ಹಿಡದು ಅಲ್ಲೇ ಮನಿ ಮಾಡ್ಯಾರ. ಆ ಮನಿ ಗ್ವಾಡಿ ಮ್ಯಾಲ ಯಾವುದೋ ದೇಶದ ಗುಡ್ಡ, ಯಾವುದೋ ಸಮುದ್ರದ ಚಿತ್ರ ಇರ್ತದ, ಅಂಗಡ್ಯಾಗ ಅದ ಸಿಗತದಂತ. ಆಲಮಟ್ಟಿ ಹಿನ್ನೀರಿನ ಸಂಜಿ ಹೊತ್ತಿನ ಫೋಟೋ ಎಲ್ಲಿ ಸಿಗತದಂತ ಗೊತ್ತಿದ್ರ ಅದನ್ನ ತಗೋತಿದ್ರು. ನೀರಾಗ ಊರು ಮುಳುಗಿದವರ ಮಕ್ಕಳಿಗಂತೂ ಅದು ಬರೇ ಚಂದದ ಫೋಟೋ ಅಲ್ಲ.

ಎರಡನೇ ಮಾತು: “ಇನ್‌ಸ್ಟಾಗ್ರಾಂ ಅದ ಅಲ್ಲ, ವೆಬ್‌ಸೈಟ್ ಯಾಕ?” ಇನ್‌ಸ್ಟಾಗ್ರಾಂ ಅಂದ್ರ ಜಾತ್ರಿ. ಮಂದಿ ಭಾಳ, ಕೊಳ್ಳೋರು ಕಡಿಮಿ, ಮತ್ತ ಜಾಗ ನಮ್ಮದಲ್ಲ. ಇವತ್ತು ಮುಂದ ಕುಂಡರಸ್ತಾರ, ನಾಳೆ ಹಿಂದ ನೂಕ್ತಾರ, ಕೇಳಾಕ ಬರೂದಿಲ್ಲ. ಸ್ವಂತ ವೆಬ್‌ಸೈಟ್ ಅಂದ್ರ ಸ್ವಂತ ಅಂಗಡಿ ಕಟ್ಟಿ. ಆದ್ರ ಅಂಗಡಿ ಹಾಕಿದ ಕೂಡ್ಲೇ ಗಿರಾಕಿ ಬಂದು ಕುಂಡರತಾರಂತ ತಿಳಕೋಬ್ಯಾಡ್ರಿ. ಜಾತ್ರ್ಯಾಗ ನಿಂತು ಅಂಗಡಿ ದಾರಿ ತೋರಿಸಬೇಕು. ಎರಡೂ ಬೇಕು, ರೊಕ್ಕದ ವ್ಯವಹಾರ ಮಾತ್ರ ಅಂಗಡ್ಯಾಗ. ಮತ್ತ ಸ್ಟುಡಿಯೋ ನಡಸೋರ ಕಡಿ ದೊಡ್ಡ ಆಸ್ತಿ ಒಂದದ: ಇಪ್ಪತ್ತು ವರ್ಷದಿಂದ ಲಗ್ನದ ಆಲ್ಬಮ್ ಮಾಡಿಸಿದ ಮನಿತನಗಳ ಪರಿಚಯ. ಮೊದಲನೇ ಗಿರಾಕಿ ಅಲ್ಲೇ ಇರ್ತಾರ.

ಈಗ ಲೆಕ್ಕ. ಹೆಣ್ಣಮಕ್ಕಳು ಮನಿ ನಡಸೂದು ಲೆಕ್ಕದ ಮ್ಯಾಲ, ಅದಕ್ಕ ಇದನ್ನ ಬಿಡಿಸೇ ಹೇಳ್ತೀನಿ. 12 ಇಂಚು 18 ಇಂಚಿನ ಒಂದು ಪ್ರಿಂಟ್ ಅಂತ ಹಿಡೀರಿ. ಚಲೋ ಕಾಗದದ ಮ್ಯಾಲ ಅಚ್ಚಿಗೆ 300 ರೂಪಾಯಿ, ಕೊಳವಿ ಮತ್ತ ಪ್ಯಾಕಿಂಗಿಗೆ 80, ಟಪಾಲಿಗೆ 90 ಅಂತ ಇಟ್ಟುಕೊಳ್ರಿ. ನಿಮ್ಮ ಕಡಿ ಹೆಚ್ಚುಕಡಿಮಿ ಆಗಬಹುದು. ಆನ್‌ಲೈನ್ ರೊಕ್ಕಾ ತಗೊಳ್ಳೂ ಕಂಪನಿಯವರು ನೂರಕ್ಕ ಎರಡು ರೂಪಾಯಿ, ಅದರ ಮ್ಯಾಲ 18 ಪರ್ಸೆಂಟ್ ತೆರಿಗಿ ಹಿಡದ್ರ, 1200 ರೂಪಾಯಿ ಬೆಲಿಗೆ ಸುಮಾರು 28 ಆಗ್ತದ. ಒಟ್ಟು ಖರ್ಚು 498. ಉಳಿದದ್ದು 702. ಫೋಟೋದಾಗ ಇದ್ದವರಿಗೆ 100 ಕೊಟ್ರ 602. ವೆಬ್‌ಸೈಟಿಗೆ ವರ್ಷಕ್ಕ 5000 ಖರ್ಚು ಅಂದ್ರ ಒಂಬತ್ತು ಪ್ರಿಂಟ್ ಹೋದ್ರ ಅದು ಹೊಂಡ್ತದ, ಹತ್ತನೇದರಿಂದ ಮನಿಗೆ.

ಅದ ಪ್ರಿಂಟನ್ನ “ನಮ್ಮೂರ ಮಂದಿ ಪಾಪ” ಅಂತ 600ಕ್ಕ ಮಾರಿದ್ರ? ಖರ್ಚು 484, ಉಳಿದದ್ದು 116, ಫೋಟೋದವರಿಗೆ 100 ಕೊಟ್ಟ ಮ್ಯಾಲ ಕೈಯಾಗ 16 ರೂಪಾಯಿ. ದಾರ್ಯಾಗ ಒಂದು ಪ್ರಿಂಟ್ ಮುದ್ದಿ ಆಗಿ ಹೊಳ್ಳಿ ಬಂದ್ರ ಮೂವತ್ತು ಪ್ರಿಂಟಿನ ದುಡಿಮಿ ಹೋತು. ಅರ್ಧ ಬೆಲಿಗೆ ಮಾರಿದ್ರ ಲಾಭ ಅರ್ಧ ಆಗೂದಿಲ್ಲ, ಅಗದೀ ಉಳಿಯೂದ ಇಲ್ಲ. ಅದಕ್ಕ ಅಗ್ಗಕ್ಕ ಮಾರಬ್ಯಾಡ್ರಿ ಅನ್ನೂದು. ಸ್ವಲ್ಪ ಮಾರ್ರಿ, ಸರಿಯಾದ ಬೆಲಿಗೆ ಮಾರ್ರಿ. ಬೆಂಗಳೂರಾಗ ತಸ್ವೀರ್ ಅಂತ ಫೋಟೋಗಳ ಗ್ಯಾಲರಿ 2006ರಾಗ ಶುರುವಾತು. ಅಂಥಾ ಕಡಿ ನಡಿಯೂ ಪದ್ಧತಿ ಏನಂದ್ರ, ಒಂದು ಫೋಟೋದ್ದು ಇಷ್ಟ ಪ್ರಿಂಟ್ ಅಂತ ಗೊತ್ತು ಮಾಡಿ, ನಂಬರ್ ಬರದು ಸಹಿ ಹಾಕೂದು. ನೀವೂ 25 ಅಂದ್ರ 25 ಅನ್ರಿ. ಇಪ್ಪತ್ತಾರನೇದಕ್ಕ ಗಿರಾಕಿ ಬಂದು ಗೋಗರೆದ್ರೂ ಇಲ್ಲ ಅನ್ರಿ. ಮಾತು ಉಳಿದ್ರ ಬೆಲಿ ಉಳೀತದ.

ಬೆಲಿ ಹೇಳೂದಂದ್ರ ಮಾಲೂ ಹಂಗ ಇರಬೇಕು. ವಾಟ್ಸಾಪಿನಾಗ ಮಾಮೂಲಿ ಕಳಿಸಿದ ಫೋಟೋದ ಉದ್ದ ಸುಮಾರು 1600 ಪಿಕ್ಸೆಲ್. ಇಂಚಿಗೆ 300 ಚುಕ್ಕಿ ಲೆಕ್ಕ ಹಿಡದ್ರ ಐದು ಇಂಚಿಗೇ ಮುಗೀತು. 24 ಮೆಗಾಪಿಕ್ಸೆಲ್ ಕ್ಯಾಮೆರಾದಾಗ 6000 ಪಿಕ್ಸೆಲ್ ಉದ್ದ ಬರ್ತದ, ಅಂದ್ರ 20 ಇಂಚಿನ ತನಕ ಗಟ್ಟಿ. ಇದರಿಂದ ಇನ್ನೊಂದು ಅನುಕೂಲ ಅದ: ವೆಬ್‌ಸೈಟಿನಾಗ ಸಣ್ಣ ಫೋಟೋನ ಹಾಕ್ರಿ. ಯಾರರ ಕದ್ರೂ ಮೊಬೈಲ್ ತುಂಬ್ತದ ಹೊರತು ಗ್ವಾಡಿ ತುಂಬೂದಿಲ್ಲ. ಕಾಗದ ಆಮ್ಲ ಇಲ್ಲದ್ದಿರಲಿ, ಶಾಯಿ ಪಿಗ್ಮೆಂಟಿಂದಿರಲಿ, ಯಾಕಂದ್ರ ಸಸ್ತಾ ಶಾಯಿ ಲಗೂ ಬಣ್ಣ ಬಿಡ್ತದ. ನಮ್ಮ ಬಿಸಲು ಗೊತ್ತದಲ್ಲ, ಬಾಗಲದಿಂದ ಬಿಸಲು ನೆಟ್ಟಗ ಬೀಳೂ ಗ್ವಾಡಿಗೆ ಎಂಥಾ ಫೋಟೋನೂ ಹಾಕಬಾರದು ಅಂತ ಪ್ರಿಂಟಿನ ಕೂಡ ಒಂದು ಚೀಟಿನೂ ಇಡ್ರಿ.

ಕಾಯ್ದೆದ ಮಾತೂ ಆಗಲಿ. ಲಗ್ನದ ಫೋಟೋ ನಾವ ತೆಗೆದ್ವಿ, ನಮ್ಮದ ಅಂತ ಮಾರಾಕ ಬರೂದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ರೊಕ್ಕಾ ಕೊಟ್ಟು ಹೇಳಿ ತೆಗೆಸಿದ ಫೋಟೋದ ಹಕ್ಕು, ಬ್ಯಾರೆ ಕರಾರು ಇರದಿದ್ರ, ತೆಗೆಸಿದವರದು. ನಮ್ಮ ಮನಸ್ಸಿಗೆ ಬಂದು ನಾವಾಗಿ ತೆಗೆದದ್ದು ನಮ್ಮದು, ನಾವು ಬದುಕಿರೂ ತನಕ ಮತ್ತ ತೀರಿಕೊಂಡ ಮ್ಯಾಲ 60 ವರ್ಷ. ತೆರಿಗಿದು ಇನ್ನೊಂದು ಗಂಟು: ರಾಜ್ಯದೊಳಗ ಮಾಲು ಮಾರಿದ್ರ ವರ್ಷಕ್ಕ 40 ಲಕ್ಷ ವಹಿವಾಟಿನ ತನಕ ಜಿಎಸ್‌ಟಿ ನೋಂದಣಿ ಬ್ಯಾಡ, ಆದ್ರ ತೆರಿಗಿ ಇರೂ ಮಾಲು ಬ್ಯಾರೆ ರಾಜ್ಯಕ್ಕ ಹೋದ್ರ ಆ ರಿಯಾಯಿತಿ ಇಲ್ಲ. ಇಂಡಿಯವರಿಗೆ ಬೆಂಗಳೂರಿಗಿಂತ ಸೋಲಾಪುರ ಎಷ್ಟೋ ಸಮೀಪ, ಕಾಯ್ದೆಗೆ ಮಾತ್ರ ಅದು ಪರರಾಜ್ಯ. ಪುಣೆ ಗಿರಾಕಿ ಹಿಡಿಯೂ ಮೊದಲ ಒಬ್ಬ ತೆರಿಗಿ ಸಲಹೆಗಾರರನ್ನ ಕಂಡು ಬರ್ರಿ.

ಇನ್ನ ನನ್ನ ಮೂರನೇ ಮಾತು, ಎಲ್ಲಾಕಿಂತ ದೊಡ್ಡದು. ನಮ್ಮ ಮನಿಯವರು ತೆಗೆದ ಫೋಟೋದಾಗ ನನಗ ಭಾಳ ಸೇರಿದ್ದು ಒಬ್ಬ ಅಜ್ಜೀದು. ಒಲಿ ಮುಂದ ಕುಂತು ರೊಟ್ಟಿ ಬಡಿಯಾಕತ್ಯಾಳ, ಹೊಗಿ, ಬೆಳಕಿಂಡಿಯಿಂದ ಬಿದ್ದ ಒಂದು ಬಿಸಲಕೋಲು. ನೋಡಿದವರೆಲ್ಲಾ “ಇದನ್ನ ಮೊದಲ ಮಾರ್ರಿ” ಅಂದ್ರು. ಆಕಿ ಮನಿಗೆ ಪ್ರಿಂಟ್ ಒಯ್ದು ಕೇಳಿದ್ವಿ. ಆಕಿ ಫೋಟೋ ಕೈಯಾಗ ಹಿಡಕೊಂಡು ಭಾಳ ಹೊತ್ತು ನೋಡಿ, “ನನ್ನ ಹರಕ ಕುಪ್ಪಸ ಊರ ಮಂದಿ ಯಾಕ ನೋಡಬೇಕವ್ವಾ?” ಅಂದ್ಲು. ನಾವು ಅದರಾಗ ಬೆಳಕು ನೋಡಿದ್ವಿ, ಆಕಿ ಕುಪ್ಪಸ ನೋಡಿದ್ಲು. ಆ ಪ್ರಿಂಟ್ ಆಕಿ ಕಡೇನ ಅದ, ಮಾರಾಟದ ಪಟ್ಟ್ಯಾಗ ಇಲ್ಲ.

ಇದನ್ನ ಕೇಳಿ ಕೆಲವರು “ಹಿಂಗಾದ್ರ ಧಂದೆ ಹೆಂಗ ಆದೀತು?” ಅಂತಾರ. ಆಗ್ತದ್ರಿ. ಹತ್ತು ಮಂದಿ ಕೇಳಿದ್ರ ಏಳೆಂಟು ಮಂದಿ ನಕ್ಕು ಹೂಂ ಅಂತಾರ, ಮತ್ತ ಒಂದು ಪ್ರಿಂಟ್ ತಮಗೂ ಬೇಕಂತಾರ. ಕೊಡ್ರಿ. ಮಾರೂಕಿಂತ ಮೊದಲ ಅವರಿಗೆ ಕೊಡ್ರಿ. ಬಿಸಲಾಗ ಬಾಗಿ ಕಸಾ ತೆಗಿಯಾಕತ್ತ ಹೆಣ್ಣಮಗಳ ಫೋಟೋ ಪಟ್ಟಣದ ದೊಡ್ಡ ಮನಿ ಪಡಸಾಲ್ಯಾಗ ಚಂದ ಕಾಣ್ತದ. ಆದ್ರ ಆಕಿಗೆ ಆ ದಿನದ ಪಗಾರ ಎಷ್ಟು, ಆ ಫೋಟೋದ ಬೆಲಿ ಎಷ್ಟು ಅಂತ ಒಂದು ಸಲ ಬಾಜೂ ಬಾಜೂ ಇಟ್ಟು ನೋಡಿದವರಿಗೆ 100 ರೂಪಾಯಿ ಕೊಡೂದು ದಾನ ಅನಸೂದಿಲ್ಲ. ನೂರೈವತ್ತು ವರ್ಷದ ಹಿಂದ ನಮ್ಮ ಜಿಲ್ಲಾದ ಫೋಟೋ ಲಂಡನ್ನಿನಾಗ ಮಾರಾಟ ಆದಾಗ ಇಲ್ಲಿಯವರಿಗೆ ಏನೂ ಬರಲಿಲ್ಲ ಅಂತ ನಾವು ಹೇಳೂದಾದ್ರ, ಈಗ ಕ್ಯಾಮೆರಾ ನಮ್ಮ ಕೈಯಾಗ ಇದ್ದಾಗ ನಾವೂ ಅದನ್ನ ಮಾಡಬಾರದು.

ಮಾಡಬೇಕನ್ನೋರಿಗೆ ಒಂದ ಸಲಹಾ: ನೂರು ಫೋಟೋ ಹಾಕಬ್ಯಾಡ್ರಿ, ಹನ್ನೆರಡು ಹಾಕ್ರಿ. ಪ್ರತಿಯೊಂದಕ್ಕೂ ಯಾವ ಊರು, ಯಾವ ಹಬ್ಬ, ಯಾವ ಬೆಳಿ ಅಂತ ನಾಕು ಸಾಲು ನಮ್ಮ ಭಾಷಾದಾಗ ಬರೀರಿ. ಮೊದಲನೇ ಪ್ರಿಂಟ್ ನಿಮ್ಮ ಮನಿ ಗ್ವಾಡಿಗೇ ಹಾಕಿ ಒಂದು ತಿಂಗಳು ದಿನಾ ನೋಡ್ರಿ. ತಿಂಗಳಾದ ಮ್ಯಾಲೂ ಬ್ಯಾಸರ ಬರದಿದ್ರ ಅದಕ್ಕ ಬೆಲಿ ಹಚ್ಚಿ ಮಾರಾಕ ಇಡ್ರಿ. ಇಲ್ಲಂದ್ರ ಇಳಸ್ರಿ, ಇನ್ನೊಂದು ಹಾಕ್ರಿ.