ಕೆಲಸ ಹೋದಾಗ ರಾಜೀನಾಮೆಗೆ ಸಹಿ ಹಾಕಬೇಡಿ



ಹೊಸೂರು ಸುತ್ತಮುತ್ತ ನಮ್ಮ ಮನೆಗಳಲ್ಲಿ ಸಿಪ್‌ಕಾಟ್‌ಗೆ ಶಿಫ್ಟ್‌ ಕೆಲಸಕ್ಕೆ ಹೋಗುವವರು ಒಬ್ಬರಾದರೂ ಇರುತ್ತಾರೆ. ಬೈಕಿಗೋ, ಮನೆ ರಿಪೇರಿಗೋ, ತಂಗಿಯ ಮದುವೆಗೋ ತೆಗೆದ ಸಾಲವೂ ಒಂದಿರುತ್ತದೆ. ಹೋದ ತಿಂಗಳು ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಸಂಘದ ಅಣ್ಣ ಒಬ್ಬರು ಪ್ಲಾಸ್ಟಿಕ್ ಕವರಿನ ತುಂಬ ಕಾಗದ ಹಿಡಿದುಕೊಂಡು ಬಂದರು. ಅವರ ಕೆಲಸ ಹೋಗಿ ಎರಡು ತಿಂಗಳಾಗಿತ್ತು. ಸಾಲ ಕೊಡುವಾಗ "ಕೆಲಸ ಹೋದರೂ ಚಿಂತೆ ಬೇಡ, ಇನ್ಶೂರೆನ್ಸ್‌ನವರೇ ಕಂತು ಕಟ್ಟುತ್ತಾರೆ" ಎಂದು ಹೇಳಿ ಹಣ ಹಿಡಿದುಕೊಂಡಿದ್ದರು. ಈಗ ಕ್ಲೇಮ್ ಹಾಕಿದರೆ ಒಂದೇ ಸಾಲಿನ ಉತ್ತರ: ನೀವಾಗಿಯೇ ರಾಜೀನಾಮೆ ಕೊಟ್ಟಿದ್ದೀರಿ, ಹಣ ಬರುವುದಿಲ್ಲ.

ಆ ಅಣ್ಣ ತಾವಾಗಿ ಕೆಲಸ ಬಿಟ್ಟವರಲ್ಲ. ಎಚ್‌ಆರ್ ರೂಮಿಗೆ ಕರೆದು, ಮೊದಲೇ ಟೈಪ್ ಮಾಡಿದ ಹಾಳೆ ಮುಂದಿಟ್ಟು, "ಸಹಿ ಹಾಕಿದರೆ ಸೆಟಲ್‌ಮೆಂಟ್ ಬೇಗ ಆಗುತ್ತೆ, ಎಕ್ಸ್‌ಪೀರಿಯೆನ್ಸ್ ಲೆಟರ್ ಚೆನ್ನಾಗಿ ಕೊಡುತ್ತೇವೆ" ಎಂದರು. ಇವರು ಸಹಿ ಹಾಕಿದರು. ಐದು ನಿಮಿಷದ ಕೆಲಸ. ಆ ಒಂದು ಸಹಿಯಿಂದ ವಿಮೆ ಹೋಯಿತು. ಅಷ್ಟೇ ಅಲ್ಲ, ವರ್ಷ ಮೇಲ್ಪಟ್ಟು ದುಡಿದ ಕೆಲಸಗಾರನನ್ನು ಕಂಪನಿ ತಾನಾಗಿ ತೆಗೆದರೆ ಕಾನೂನಿನಂತೆ ನೋಟಿಸು ಕೊಡಬೇಕು, ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ ಪರಿಹಾರ ಕೊಡಬೇಕು. ಅದೂ ಹೋಯಿತು.

ಇದನ್ನು ಅವರ ಹಣೆಬರಹ ಎಂದು ಬಿಟ್ಟುಬಿಡಲು ನಾವು ತಯಾರಿಲ್ಲ. ಇಲ್ಲಿ ತಪ್ಪು ಮಾಡಿದವರಿದ್ದಾರೆ.

ಮೊದಲ ತಪ್ಪು ಮಾರಿದವರದು. ಕೆಲಸ ಹೋದರೆ ಕಂತು ಕಟ್ಟುವ ಈ ವಿಮೆಗಳ ಷರತ್ತು ಓದಿ ನೋಡಿ. ಸಾಮಾನ್ಯವಾಗಿ ಮೂರು ಕಂತಿನಷ್ಟು ಮಾತ್ರ ಕೊಡುತ್ತಾರೆ. ರಾಜೀನಾಮೆ ಕೊಟ್ಟವರಿಗೆ ಇಲ್ಲ, ಪ್ರೊಬೇಷನ್‌ನಲ್ಲಿ ಇರುವವರಿಗೆ ಇಲ್ಲ, ಕಾಂಟ್ರಾಕ್ಟ್ ಕೆಲಸದವರಿಗೆ ಇಲ್ಲ, ಸ್ವಂತ ಅಂಗಡಿ ಇಟ್ಟವರಿಗೆ ಇಲ್ಲ, ಕೆಲಸ ಸರಿಯಿಲ್ಲ ಎಂದು ತೆಗೆದರೂ ಇಲ್ಲ. ನಮ್ಮ ಹುಡುಗರಲ್ಲಿ ಎಷ್ಟೋ ಜನ ಇರುವುದೇ ಕಾಂಟ್ರಾಕ್ಟ್‌ನಲ್ಲಿ. ಸಂಬಳದ ಚೀಟಿ ನೋಡಿಯೇ ಸಾಲ ಕೊಡುವವರಿಗೆ ಇದು ಗೊತ್ತಿಲ್ಲವೇ? ಗೊತ್ತಿದ್ದೂ ಮಾರುತ್ತಾರೆ. ಇನ್ನು ಕೆಲವರಿಗೆ "ಲೋನ್ ಇನ್ಶೂರೆನ್ಸ್" ಎಂದು ಕೊಟ್ಟದ್ದು ಬರೀ ಜೀವ ವಿಮೆ. ಸಾಲಗಾರ ಸತ್ತರೆ ಹಣ ಬರುತ್ತದೆ, ಕೆಲಸ ಹೋದರೆ ಬಿಡಿಗಾಸೂ ಬರುವುದಿಲ್ಲ.

ಒಂದು ಲೆಕ್ಕ ಹಾಕೋಣ. 2 ಲಕ್ಷ ಸಾಲ, 9,000 ವಿಮೆ, ಎರಡೂ ಸೇರಿ 2,09,000. ಬಡ್ಡಿ 14%, ಮೂರು ವರ್ಷ. ಕಂತು ಸುಮಾರು 7,140 ರೂಪಾಯಿ. ವಿಮೆಯ ಹಣಕ್ಕೂ ಬಡ್ಡಿ ಬೀಳುವುದರಿಂದ ಆ 9,000 ಕೊನೆಗೆ 11,000 ಆಗುತ್ತದೆ. ಎಲ್ಲ ಷರತ್ತು ದಾಟಿ ಬಂದರೂ ಕೆಲಸ ಹೋದದ್ದಕ್ಕೆ ಸಿಗುವುದು ಮೂರು ಕಂತು, ಸುಮಾರು 21,400. ಕ್ಲೇಮ್ ಮಾಡಲಾಗದವರಿಗೆ ಆ ಭಾಗದಿಂದ ಸಿಗುವುದು ಸೊನ್ನೆ.

"ಇನ್ಶೂರೆನ್ಸ್ ಇಲ್ಲದಿದ್ದರೆ ಸಾಲ ಪಾಸಾಗಲ್ಲ" ಎಂಬ ಮಾತು ಎಲ್ಲರೂ ಕೇಳಿದ್ದೇವೆ. ಹಾಗೆ ಬಲವಂತ ಮಾಡುವಂತಿಲ್ಲ. 2024ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ ಸಾಲದ ಮುಖ್ಯ ವಿವರಗಳ ಹಾಳೆ ಕೊಡಬೇಕು, ವಿಮೆಯ ಖರ್ಚನ್ನೂ ವಾರ್ಷಿಕ ದರದಲ್ಲಿ ಸೇರಿಸಿ ತೋರಿಸಬೇಕು. ಆ ಹಾಳೆ ಕೇಳಿ ತೆಗೆದುಕೊಳ್ಳಿ.

ಬ್ರಿಟನ್‌ನಲ್ಲಿ ಇದೇ ತರಹದ ವಿಮೆಯನ್ನು ಬೇಡದವರಿಗೂ, ಕ್ಲೇಮ್ ಮಾಡಲಾಗದವರಿಗೂ ಮಾರಿದ್ದರು. ಜನ ಸುಮ್ಮನಿರಲಿಲ್ಲ. ದೂರು ಕೊಡಲು 2019ರ ಆಗಸ್ಟ್ 29 ಕೊನೆಯ ದಿನವಾಗಿತ್ತು. ಬ್ಯಾಂಕುಗಳು ಒಟ್ಟು 38 ಶತಕೋಟಿ ಪೌಂಡಿಗೂ ಹೆಚ್ಚು ಹಣ ವಾಪಸ್ ಕೊಡಬೇಕಾಯಿತು. ದೂರು ಕೊಟ್ಟದ್ದರಿಂದಲೇ ಅಷ್ಟು ಹಣ ಹೊರಗೆ ಬಂತು.

ಎರಡನೇ ತಪ್ಪು ನಮ್ಮದು. ಏಜೆಂಟ್ ತಮಿಳಿನಲ್ಲಿ ಹೇಳುತ್ತಾನೆ, ಕಾಗದ ಇಂಗ್ಲಿಷಿನಲ್ಲಿದೆ, ನಾವು ಮನೆಯಲ್ಲಿ ಕನ್ನಡ ಮಾತಾಡುತ್ತೇವೆ. ಬಿಎಸ್ಸಿ ಓದಿದ ನಮಗೇ ಆ ಸಣ್ಣ ಅಕ್ಷರ ಮೂರು ಸಲ ಓದಬೇಕಾಯಿತು. ಆದರೂ ಯಾರನ್ನೂ ಕೇಳದೆ ಸಹಿ ಹಾಕುತ್ತೇವೆ. ಕೆಲಸ ಹೋದರೆ ಇನ್ನೂ ಕೆಟ್ಟದು: ನಾಚಿಕೆ. ಬೆಳಿಗ್ಗೆ ಟಿಫಿನ್ ಡಬ್ಬಿ ಹಿಡಿದು ಹೊರಟು ಸಂಜೆ ಬರುವವರನ್ನು ನಾವು ನೋಡಿದ್ದೇವೆ. ಕೆಲಸ ಹೋದದ್ದು ಪಾಪವಲ್ಲ. ಅದನ್ನು ಮುಚ್ಚಿಟ್ಟು ದಿನ ತಳ್ಳಿದರೆ ಕ್ಲೇಮ್ ಹಾಕುವ ಗಡುವೂ ದಾಟಿಹೋಗುತ್ತದೆ.

ಹಾಗಾದರೆ ಏನು ಮಾಡಬೇಕು?

ಕೆಲಸದಿಂದ ತೆಗೆಯುತ್ತೇವೆ ಎಂದರೆ ರಾಜೀನಾಮೆ ಬರೆಯಬೇಡಿ. "ನೀವೇ ತೆಗೆಯುತ್ತಿದ್ದೀರಿ ಎಂದು ಕಾರಣ ಸಹಿತ ಲೆಟರ್ ಕೊಡಿ" ಎನ್ನಿ. ಮನೆಯಲ್ಲಿ ಕೇಳಿ ಬರುತ್ತೇನೆ ಎಂದು ಹೊರಗೆ ಬನ್ನಿ. ವಿಮೆಯ ಸರ್ಟಿಫಿಕೇಟ್, ಸಾಲದ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ ಪ್ರತಿ ಸೇರಿಸಿ ಕೂಡಲೇ ಕ್ಲೇಮ್ ಹಾಕಿ, ನಂಬರ್ ಬರೆದಿಟ್ಟುಕೊಳ್ಳಿ. ಕ್ಲೇಮ್ ಹಾಕಿದ್ದೇನೆ ಎಂದು ಕಂತು ನಿಲ್ಲಿಸಬೇಡಿ, ದಂಡವೂ ಬೀಳುತ್ತದೆ, ಸಿಬಿಲ್ ಕೂಡ ಕೆಡುತ್ತದೆ. ಕಷ್ಟವಾದರೆ ಬ್ಯಾಂಕಿಗೆ ಬರೆದುಕೊಟ್ಟು ಸಮಯ ಕೇಳಿ.

ಕ್ಲೇಮ್ ತಿರಸ್ಕರಿಸಿದರೆ ಮೊದಲು ವಿಮಾ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಫೀಸು ಇಲ್ಲ, ವಕೀಲರೂ ಬೇಡ. ತಮಿಳುನಾಡಿನ ವಿಳಾಸದವರಿಗೆ ಕಚೇರಿ ಚೆನ್ನೈನಲ್ಲಿದೆ.

ಇಎಸ್‌ಐ ಇರುವವರಿಗೆ ಇನ್ನೊಂದು ದಾರಿ ಇದೆ. 2018ರಲ್ಲಿ ಶುರುವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯಲ್ಲಿ ಕೆಲಸ ಹೋದವರಿಗೆ ಸರಾಸರಿ ದಿನಗೂಲಿಯ ಅರ್ಧದಷ್ಟು, 90 ದಿನದವರೆಗೆ, ಜೀವನದಲ್ಲಿ ಒಂದು ಸಲ ಕೊಡುತ್ತಾರೆ. ಇದರ ಅವಧಿಯನ್ನು ಕಾಲಕಾಲಕ್ಕೆ ವಿಸ್ತರಿಸುತ್ತಾರೆ. ನಿಮಗೆ ಅನ್ವಯಿಸುತ್ತದೆಯೇ ಎಂದು ಇಎಸ್‌ಐ ಕಚೇರಿಯಲ್ಲಿ ಕೇಳಿ. ಇದನ್ನು ಯಾವ ಏಜೆಂಟೂ ನಿಮಗೆ ಹೇಳುವುದಿಲ್ಲ, ಏಕೆಂದರೆ ಅವನಿಗೆ ಇದರಲ್ಲಿ ಕಮಿಷನ್ ಇಲ್ಲ.

ಆ ಅಣ್ಣನ ದೂರನ್ನು ನಾವು ನಾಲ್ಕು ಜನ ಸೇರಿ ಬರೆದು ಕಳಿಸಿದ್ದೇವೆ. ಸಹಿ ಹಾಕಿಸಿಕೊಂಡ ರೀತಿಯನ್ನೂ ಅದರಲ್ಲಿ ಬರೆದಿದ್ದೇವೆ. ಗೆಲ್ಲುತ್ತೇವೋ ಇಲ್ಲವೋ ಗೊತ್ತಿಲ್ಲ. ಆದರೆ ಮುಂದಿನವರು ಅದೇ ಹಾಳೆಗೆ ಸಹಿ ಹಾಕಬಾರದು. ಮುಂದಿನ ಭಾನುವಾರ ಪೂಜೆಯ ನಂತರ ನಾವು ಹಾಲ್‌ನಲ್ಲಿ ಕೂತಿರುತ್ತೇವೆ. ನಿಮ್ಮ ಸಾಲದ ಕಾಗದ ತನ್ನಿ, ಅಪ್ಪ ಅಮ್ಮನನ್ನೂ ಕರೆದುಕೊಂಡು ಬನ್ನಿ. ಒಟ್ಟಿಗೆ ಕೂತು ಓದೋಣ.